ಫೈಲ್ ಓಪನ್ ಆಗುತ್ತೆ, ಸೇವ್ ಮಾತ್ರ ಆಗಲ್ಲ. ಹಳೇ ಹಾರ್ಡ್ ಡಿಸ್ಕ್ ಪರ್ಮಿಷನ್ ಗೋಳು

ಮಳೆಲೆಕ್ಕ_ಮೂಡಿಗೆರೆ | ಸೋಮವಾರ ರಾತ್ರಿ 9:10
ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟೋಗಿದೆ ಮಾರಾಯ್ರೆ, ಯಾರಿಗಾದ್ರೂ ಗೊತ್ತಿದ್ರೆ ದಾರಿ ಹೇಳಿ. ನಮ್ಮನೇಲಿದ್ದ ಹಳೇ ಕಂಪ್ಯೂಟರ್ ವಿಂಡೋಸ್ 10ದು, ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತೋಯ್ತಲ್ಲ, ಅದಕ್ಕೆ ಹೊಸದು ತಗೊಂಡೆ, ವಿಂಡೋಸ್ 11, ಎಸ್‌ಎಸ್‌ಡಿ ಅಂತ ವೇಗದ ಡಿಸ್ಕ್ ಎಲ್ಲಾ ಇದೆ. ಅಂಗಡಿಯವ್ರು ಹಳೇ 500 ಜಿಬಿ ಹಾರ್ಡ್ ಡಿಸ್ಕನ್ನೂ ಬಿಚ್ಚಿ ಹೊಸದರೊಳಗೇ ಸ್ಕ್ರೂ ಹಾಕಿ ಕೂರಿಸಿ ಕೊಟ್ರು, ಈಗ ಅದು ಇ ಡ್ರೈವ್ ಅಂತ ಕಾಣುತ್ತೆ.

ಅದರೊಳಗೆ ಯೂಸರ್ಸ್ ಅಂತ ಒಂದು ಫೋಲ್ಡರ್, ಅದರೊಳಗೆ ಅಪ್ಪನ ಹೆಸರಿನ ಫೋಲ್ಡರ್, ಅಲ್ಲಿ ನಮ್ ತೋಟದ ಮಳೆ ಲೆಕ್ಕದ ಎಕ್ಸೆಲ್ ಫೈಲ್ ಇರೋದು. ಅಪ್ಪ 1989ರಿಂದ ಡೈರೀಲಿ ಬರೆದಿದ್ದು, ಆಮೇಲೆ ನಾನು ಕೂತು ಎಲ್ಲಾ ಟೈಪ್ ಮಾಡಿದ್ದು. ಫೈಲ್ ಓಪನ್ ಆಗುತ್ತೆ, ಇವತ್ತಿನ ಮಳೆ ಹಾಕಿ ಸೇವ್ ಕೊಟ್ರೆ ಪರ್ಮಿಷನ್ ಇಲ್ಲ ಅಡ್ಮಿನಿಸ್ಟ್ರೇಟರ್‌ನ ಕೇಳಿ ಅನ್ನುತ್ತೆ. ಅಡ್ಮಿನಿಸ್ಟ್ರೇಟರ್ ನಾನೇ! ಮನೇಲಿ ಬೇರೆ ಯಾರೂ ಇಲ್ಲ. ಮೂರು ದಿನದ ಮಳೆ ಕ್ಯಾಲೆಂಡರ್ ಹಿಂದುಗಡೆ ಬರೆದಿಟ್ಟಿದೀನಿ. ಅಪ್ಪಂಗೆ 78 ವರ್ಷ, ಬೆಳಿಗ್ಗೆ ಮಳೆ ಮಾಪಕ ನೋಡ್ಕೊಂಡು ಬಂದು ಜಗಲಿಯಿಂದಲೇ "ಎರಡು ಇಂಚು ಹದಿನೆಂಟು, ಬರ್ಕೊಂಡ್ಯಾ?" ಅಂತ ಕೂಗ್ತಾರೆ. ಹೂಂ ಅಂತೀನಿ.

ಆಲೂರ್_ಹುಡ್ಗ | 9:14
ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ರೀಡ್ ಓನ್ಲಿ ಟಿಕ್ ತೆಗೀರಿ. ಅಷ್ಟೆ. ಎರಡು ನಿಮಿಷದ ಕೆಲ್ಸ.

ಮಳೆಲೆಕ್ಕ_ಮೂಡಿಗೆರೆ | 9:22
ತೆಗೆದೆ ಬ್ರದರ್, ಓಕೆ ಕೊಟ್ಟು ಮತ್ತೆ ಓಪನ್ ಮಾಡಿದ್ರೆ ವಾಪಸ್ ಬಂದು ಕೂತಿದೆ. ನಾಲ್ಕು ಸಲ ತೆಗೆದೆ, ನಾಲ್ಕು ಸಲಾನೂ ಬಂತು.

ಗಣಿತ_ಮೇಡಂ_ಚಿಕ್ಕಮಗಳೂರು | 9:25
ಫೋಲ್ಡರ್‌ಗೆ ಆ ಟಿಕ್ಕಿಗೆ ಅರ್ಥವೇ ಇಲ್ಲ ಕಣ್ರೀ. ಅದು ಟಿಕ್ಕೂ ಅಲ್ಲ, ಸರಿಯಾಗಿ ನೋಡಿ, ಒಂದು ಚೌಕ ತುಂಬಿರೋ ಥರ ಇರುತ್ತೆ. ಫೈಲ್‌ಗೆ ರೀಡ್ ಓನ್ಲಿ ಅಂದ್ರೆ ನಿಜಕ್ಕೂ ರೀಡ್ ಓನ್ಲಿನೇ, ಆದರೆ ಫೋಲ್ಡರ್‌ಗೆ ಬಂದ್ರೆ ವಿಂಡೋಸ್ ಆ ಗುರುತನ್ನ ಬೇರೆ ಕೆಲಸಕ್ಕೆ ಬಳಸ್ಕೊಳ್ಳುತ್ತೆ, ಐಕಾನ್ ಬದಲಾಯಿಸಿದ ಫೋಲ್ಡರಾ ಅಂತ ಗೊತ್ತಾಗೋಕೆ. ಹಾಗಾಗಿ ಎಷ್ಟು ಸಲ ತೆಗೆದ್ರೂ ವಾಪಸ್ ಬರುತ್ತೆ. ಎಲ್ಲಿ ಕೇಳಿದ್ರೂ ಮೊದಲು ಬರೋ ಉತ್ತರ ಇದೇ, ತಪ್ಪೂ ಇದೇ.

ಆಲೂರ್_ಹುಡ್ಗ | 9:27
ನಂಗೆ ವರ್ಕ್ ಆಗಿತ್ತು ಮೇಡಂ

ಗಣಿತ_ಮೇಡಂ_ಚಿಕ್ಕಮಗಳೂರು | 9:28
ಫೈಲ್ ಮೇಲೆ ತೆಗೆದಿರ್ತೀಯ ಕಣಪ್ಪ.

ಅರಸೀಕೆರೆ_ತೆಂಗು | 9:31
ಎಕ್ಸೆಲ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡಿ, ಒಳಗಿಂದ ಫೈಲ್ ಓಪನ್ ಮಾಡಿ ಸೇವ್ ಮಾಡಿ. ಆಗ್ಲಿಲ್ಲ ಅಂದ್ರೆ ನನ್ ಹೆಸರು ಬದಲಾಯ್ಸಿ.

ಸಕ್ಲೇಶ್ಪುರ_ರೋಬಸ್ಟಾ | 9:33
ಅಷ್ಟೆಲ್ಲಾ ಯಾಕೆ, ಸೆಕ್ಯುರಿಟಿ ಟ್ಯಾಬ್‌ಗೆ ಹೋಗಿ ಎವ್ರಿವನ್ ಅಂತ ಸೇರ್ಸಿ ಫುಲ್ ಕಂಟ್ರೋಲ್ ಕೊಟ್ಬುಡಿ ಅಂತ ನಾಲ್ಕು ವರ್ಷದ ಹಿಂದೆ ಆಗಿದ್ರೆ ಹೇಳ್ತಿದ್ದೆ. ಈಗ ಹೇಳಲ್ಲ 😂 ಯಾಕಂದ್ರೆ ನಾನು ಅದನ್ನ ಸಿ ಡ್ರೈವ್ ಪೂರ್ತಿಗೆ ಮಾಡಿದ್ದೆ. ಮೊದ್ಲು ಓನರ್ ನಾನಾದೆ, ಆಮೇಲೆ ಎವ್ರಿವನ್‌ಗೆ ಫುಲ್ ಕಂಟ್ರೋಲ್, ಅರ್ಧ ಗಂಟೆ ಹಸಿರು ಪಟ್ಟಿ ಓಡ್ತು, ಮಧ್ಯೆ ಎರರ್ ಬಂದಾಗ್ಲೆಲ್ಲ ಕಂಟಿನ್ಯೂ ಕಂಟಿನ್ಯೂ ಅಂತ ಒತ್ಕೊಂಡು ಕಾಫಿ ಕುಡೀತಾ ಕೂತಿದ್ದೆ. ರೀಸ್ಟಾರ್ಟ್ ಆದ್ಮೇಲೆ ಸ್ಟಾರ್ಟ್ ಮೆನು ಓಪನ್ ಆಗಲ್ಲ, ಕ್ಯಾಲ್ಕುಲೇಟರ್ ಓಪನ್ ಆಗಲ್ಲ, ಅಪ್ಡೇಟ್ ಫೇಲ್. ಕೊನೆಗೆ ಫಾರ್ಮ್ಯಾಟ್. ಸಿ ಡ್ರೈವ್ ತಂಟೆಗೆ ಮಾತ್ರ ಹೋಗ್ಬೇಡಿ ಅಣ್ಣ, ಕಾಲಿಗೆ ಬೀಳ್ತೀನಿ.

ಬಿಎಂರೋಡ್_ರಿಪೇರಿ | 9:48
ಹಾಸನದಲ್ಲಿ ಹದಿನೈದು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ, ವಾರಕ್ಕೆ ಎರಡಾದ್ರೂ ಇಂಥ ಕೇಸ್ ಬರ್ತವೆ. ಎಲ್ರೂ ಒಂದ್ ನಿಮಿಷ ಸುಮ್ನಿರಿ, ಯಾವ ಕಮಾಂಡೂ ಬೇಡ. ಮಳೆಲೆಕ್ಕ ಅವ್ರೆ, ಅಪ್ಪನ ಹೆಸರಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ ಟ್ಯಾಬ್. ಮೇಲ್ಗಡೆ ಪಟ್ಟೀಲಿ ಯಾರ್ಯಾರ ಹೆಸರಿದೆ ಹಾಗೇ ಬರೀರಿ. ಏನೂ ಬದಲಾಯಿಸ್ಬೇಡಿ, ನೋಡಿ ಅಷ್ಟೆ. ಇನ್ನೊಂದು, ಮೊದಲನೇ ಸಲ ಆ ಫೋಲ್ಡರ್ ತೆಗೆಯುವಾಗ ಏನಾದ್ರೂ ಕೇಳ್ತಾ?

ಮಳೆಲೆಕ್ಕ_ಮೂಡಿಗೆರೆ | 10:02
ಹೂಂ ಕೇಳ್ತು, ಈಗ ನಿಮಗೆ ಈ ಫೋಲ್ಡರಿಗೆ ಪರ್ಮಿಷನ್ ಇಲ್ಲ, ಕಾಯಂ ಪರ್ಮಿಷನ್ ಬೇಕಿದ್ರೆ ಕಂಟಿನ್ಯೂ ಒತ್ತಿ ಅಂತ. ಒತ್ತಿದೆ. ಒಂದೆರಡು ನಿಮಿಷ ಹಸಿರು ಗೆರೆ ಓಡಿ ಓಪನ್ ಆಯ್ತು.

ಪಟ್ಟೀಲಿ ನಾಲ್ಕಿದೆ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್, ನನ್ ಹೆಸ್ರು, ಆಮೇಲೆ ಒಂದು ವಿಚಿತ್ರದ್ದು, ಅಕೌಂಟ್ ಅನ್‌ನೋನ್ ಅಂತ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರೋ ತಲೆ, ಎಸ್-1-5-21 ಅಂತ ಶುರುವಾಗಿ ಉದ್ದಕ್ಕೆ ನಂಬರ್ ಇದೆ. ವೈರಸ್ಸಾ ಇದು??

ಬಿಎಂರೋಡ್_ರಿಪೇರಿ | 10:04
ವೈರಸ್ ಅಲ್ಲ, ಅದು ನಿಮ್ಮಪ್ಪ.

ಸಕ್ಲೇಶ್ಪುರ_ರೋಬಸ್ಟಾ | 10:05
😂😂😂

ಬಿಎಂರೋಡ್_ರಿಪೇರಿ | 10:19
ನಗಬೇಡ್ರೋ, ನಿಜ ಹೇಳ್ತಿದೀನಿ. ವಿಂಡೋಸ್ ಜನಾನ ಹೆಸರಿಂದ ಗುರುತು ಹಿಡಿಯಲ್ಲ, ನಂಬರಿಂದ ಹಿಡಿಯುತ್ತೆ. ಹಳೇ ಕಂಪ್ಯೂಟರಲ್ಲಿ ಅಪ್ಪನ ಅಕೌಂಟ್ ಮಾಡಿದಾಗ ಅದಕ್ಕೊಂದು ನಂಬರ್ ಕೊಟ್ಟಿತ್ತು, ಅಪ್ಪನ ಫೋಲ್ಡರ್ ಆ ನಂಬರ್ ಹೆಸರಿಗೇ ಇದೆ. ಹೊಸ ಕಂಪ್ಯೂಟರಲ್ಲಿ ಅದೇ ಹೆಸರಿಟ್ಟು ಅಕೌಂಟ್ ಮಾಡಿದ್ರೂ ನಂಬರ್ ಬೇರೆ, ಅಂದ್ರೆ ಮನುಷ್ಯ ಬೇರೆ. ನಮ್ ಕಡೆ ಪಹಣೀಲಿ ಇನ್ನೂ ಅಜ್ಜನ ಹೆಸರೇ ಇರುತ್ತಲ್ಲ ಹಂಗೆ. ನೀವೇ ಕಾಫಿ ಕುಯ್ತೀರ, ನೀವೇ ಗೊಬ್ಬರ ಹಾಕ್ತೀರ, ಸಾಲ ಕೇಳೋಕೆ ಹೋದ್ರೆ ಮಾತ್ರ ಪೌತಿ ಖಾತೆ ಆಗಿಲ್ಲ ಅಂತಾರೆ.

ಈಗ ನೀವು ಅಡ್ಮಿನ್ ಆಗಿದ್ರೂ ಯಾಕ್ ಬಿಡ್ತಿಲ್ಲ ಅಂದ್ರೆ, ವಿಸ್ಟಾ ಬಂದಾಗಿಂದ ಅಡ್ಮಿನ್ ಅಕೌಂಟಲ್ಲೂ ಪ್ರೋಗ್ರಾಮ್‌ಗಳು ಸಾಮಾನ್ಯ ಯೂಸರ್ ಥರಾನೇ ಓಡೋದು, ಆ ಯೆಸ್ ನೋ ಕಿಟಕಿ ಬಂದು ಯೆಸ್ ಒತ್ತಿದ್ರೆ ಮಾತ್ರ ಅಡ್ಮಿನ್ ಅಧಿಕಾರ. ಅದಕ್ಕೆ ಪಟ್ಟೀಲಿ ಅಡ್ಮಿನಿಸ್ಟ್ರೇಟರ್ಸ್ ಅಂತ ಇದ್ರೂ ಎಕ್ಸೆಲ್‌ಗೆ ಅದು ಲೆಕ್ಕಕ್ಕಿಲ್ಲ.

ಮಜಾ ಇರೋದು ಆ ಕಂಟಿನ್ಯೂ ಬಟನ್‌ದು. ಕಾಯಂ ಪರ್ಮಿಷನ್ ಅಂತ ಬರೆದಿರುತ್ತಾ, ಎಲ್ಲಾ ಪರ್ಮಿಷನ್ ಸಿಕ್ತು ಅಂತ ಜನ ಅಂದ್ಕೋತಾರೆ. ಅದು ಕೊಡೋದು ಓದೋಕೆ, ಓಡಿಸೋಕೆ ಮಾತ್ರ. ಬರೆಯೋಕಲ್ಲ. ಓನರ್ ಕೂಡ ಬದಲಾಗಲ್ಲ. ಪಟ್ಟೀಲಿ ನಿಮ್ ಹೆಸರು ಒತ್ತಿ ಕೆಳಗಡೆ ನೋಡಿ, ರೀಡ್ ಇರೋ ಸಾಲಿಗೆ ಟಿಕ್ ಇರುತ್ತೆ, ಮಾಡಿಫೈ, ರೈಟ್ ಖಾಲಿ ಇರುತ್ತೆ.

ಮಳೆಲೆಕ್ಕ_ಮೂಡಿಗೆರೆ | 10:24
ಅಯ್ಯೋ ಹೌದು. ಕರೆಕ್ಟಾಗಿ ಹಂಗೇ ಇದೆ. ರೈಟ್ ಖಾಲಿ.

ಬೇಲೂರ್_ಬಾಲಿಕೆ | 10:26
ಪೌತಿ ಖಾತೆಗೂ ಇಂಥದ್ದೊಂದು ಕಂಟಿನ್ಯೂ ಬಟನ್ ಇದ್ದಿದ್ರೆ ನಮ್ ಮಾವ ಇಷ್ಟೊತ್ತಿಗೆ ಮೂರು ಜೊತೆ ಚಪ್ಪಲಿ ಉಳಿಸ್ಕೊಂಡಿರೋರು

ಅರಸೀಕೆರೆ_ತೆಂಗು | 10:30
ಅದಕ್ಕೇ ನಾನ್ ಹೇಳಿದ್ದು ರನ್ ಆಸ್ ಅಡ್ಮಿನಿಸ್ಟ್ರೇಟರ್ ಅಂತ. ಈಗ ಅವ್ರೂ ಅದನ್ನೇ ಹೇಳಿದ್ರು ಸುತ್ತಾಕ್ಕೊಂಡು.

ಬಿಎಂರೋಡ್_ರಿಪೇರಿ | 10:37
ವರ್ಕ್ ಆಗುತ್ತೆ ತೆಂಗಣ್ಣ, ಇಲ್ಲ ಅನ್ನಲ್ಲ. ಆದ್ರೆ ದಿನಾ ಹಂಗೇ ತೆಗೀತೀರಾ? ಅಡ್ಮಿನ್ ಆಗಿ ತೆಗೆದ ಎಕ್ಸೆಲ್‌ಗೆ ಎಕ್ಸ್‌ಪ್ಲೋರರಿಂದ ಫೈಲ್ ಎಳೆದು ಹಾಕೋಕಾಗಲ್ಲ, ನೆಟ್‌ವರ್ಕ್ ಡ್ರೈವ್‌ಗಳು ಕಾಣಲ್ಲ. ಅದು ಬಿಡಿ, ಯಾರೋ ಇಮೇಲಲ್ಲಿ ಕಳ್ಸಿದ, ಒಳಗೆ ಸಣ್ಣ ಪ್ರೋಗ್ರಾಮ್ ಇರೋ ಮ್ಯಾಕ್ರೋ ಫೈಲ್ ಅದೇ ಎಕ್ಸೆಲ್ಲಲ್ಲಿ ತೆಗೆದ್ರೆ ಅದಕ್ಕೂ ಅಡ್ಮಿನ್ ಅಧಿಕಾರ ಸಿಕ್ಕಂಗೇ. ಬಾಗಿಲು ಬಿಗಿ ಅಂತ ಗೋಡೆ ಒಡೆಯೋದು ಬೇಡ.

ಹಾಸನಾಂಬೆ_ಭಕ್ತ | 10:41
ನಮ್ ಹಾಸನಾಂಬೆ ಬಾಗಿಲು ವರ್ಷಕ್ಕೊಂದ್ಸಲ ಆದ್ರೂ ತೆಗೀತಾರೆ, ನಿಮ್ ಇ ಡ್ರೈವ್ ಅದಕ್ಕಿಂತ ಸ್ಟ್ರಿಕ್ಟು 🙏

ಪೆಂಗ್ವಿನ್_ಕಳಸ | 10:44
ಎಂತಕ್ಕೆ ಇಷ್ಟೆಲ್ಲಾ ಒದ್ದಾಟ? ಒಂದು ಪೆನ್ ಡ್ರೈವಿಗೆ ಲಿನಕ್ಸ್ ಹಾಕಿ, ವಿಂಡೋಸ್ ಬದಲು ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ, ಅದು ಈ ವಿಂಡೋಸ್ ಪರ್ಮಿಷನ್ನಿಗೆಲ್ಲ ಕ್ಯಾರೇ ಅನ್ನಲ್ಲ, ಎಲ್ಲಾ ತೋರ್ಸುತ್ತೆ, ಬೇಕಾದ್ದು ಎತ್ಕೊಳ್ಳಿ. ಲಿನಕ್ಸಲ್ಲಿ ಎಲ್ಲಾ ಫ್ರೀ.

ಗಣಿತ_ಮೇಡಂ_ಚಿಕ್ಕಮಗಳೂರು | 10:46
ಬಂದ್ರಪ್ಪ ಪೆಂಗ್ವಿನ್! ನಾನು ಕಾಯ್ತಾನೇ ಇದ್ದೆ ಇನ್ನೂ ಯಾಕ್ ಬಂದಿಲ್ಲ ಅಂತ.

ಸಕ್ಲೇಶ್ಪುರ_ರೋಬಸ್ಟಾ | 10:47
ಹಳೇ ವಿಂಡೋಸ್ ಫಾಸ್ಟ್ ಸ್ಟಾರ್ಟಪ್ಪಲ್ಲಿ, ಅಂದ್ರೆ ಪೂರ್ತಿ ಆಫ್ ಆಗ್ದೇ ಅರ್ಧ ನಿದ್ದೇಲಿ ನಿಂತಿದ್ರೆ ಲಿನಕ್ಸಲ್ಲೂ ಆ ಡ್ರೈವ್ ರೀಡ್ ಓನ್ಲಿ ಆಗಿನೇ ಬರೋದು ಗುರುವೇ. ನನಗೆ ಆಗಿದೆ.

ಪೆಂಗ್ವಿನ್_ಕಳಸ | 10:48
ಕಾಪಿ ಮಾಡೋಕೆ ರೀಡ್ ಸಾಕಲ್ಲ ಮಾರಾಯ

ಬಿಎಂರೋಡ್_ರಿಪೇರಿ | 10:55
ಪೆಂಗ್ವಿನ್ ಅವ್ರು ಗೊತ್ತಿಲ್ದೇ ಕರೆಕ್ಟ್ ಮಾತು ಹೇಳಿದ್ರು ನೋಡಿ. ಕಾಪಿ ಮಾಡೋಕೆ ರೀಡ್ ಸಾಕು. ಆ ರೀಡ್ ಮಳೆಲೆಕ್ಕ ಅವ್ರಿಗೆ ಕಂಟಿನ್ಯೂ ಒತ್ತಿದಾಗಲೇ ಸಿಕ್ಕಿದೆ. ಲಿನಕ್ಸೂ ಬೇಡ, ಓನರ್ ಬದಲಾಯ್ಸೋ ಟೇಕ್‌ಓನ್ ಕಮಾಂಡೂ ಬೇಡ, ಪರ್ಮಿಷನ್ ಬದಲಾಯ್ಸೋ ಐಕ್ಯಾಕ್ಲ್ಸ್ ಕಮಾಂಡೂ ಬೇಡ.

ಕಾಪಿ ಮಾಡಿದ ಫೈಲ್‌ಗೆ ಪರ್ಮಿಷನ್ ಹೊಸ ಜಾಗದ್ದು ಬರುತ್ತೆ. ಅಂದ್ರೆ ಹೊಸ ಎಸ್‌ಎಸ್‌ಡೀಲಿ ನಿಮ್ ಡಾಕ್ಯುಮೆಂಟ್ಸ್ ಒಳಗೆ ಹಾಕಿದ್ರೆ ಅದು ನಿಮ್ದೇ ಫೈಲ್, ಸೇವ್ ಆಗುತ್ತೆ. ಅದೇ ಡ್ರೈವೊಳಗೆ ಕಟ್ ಪೇಸ್ಟ್ ಮಾಡಿದ್ರೆ ಹಳೇ ಪರ್ಮಿಷನ್ನೇ ಜೊತೇಲಿ ಹೋಗುತ್ತೆ, ಆಗ ಸೇಮ್ ಗೋಳು. ಕಟ್ ಮಾಡೋಕೇ ಹೋಗ್ಬೇಡಿ. ಕಾಪಿ. ಕಾಪಿ. ಹಳೇದು ಹಂಗೇ ಇರ್ಲಿ.

ಮಳೆಲೆಕ್ಕ_ಮೂಡಿಗೆರೆ | 11:01
ಅಷ್ಟೇನಾ? ಮೂರು ದಿನದಿಂದ ನಾನು ಓನರ್ ಬದಲಾಯ್ಸೋದು ಹೇಗೆ ಅಂತ ವಿಡಿಯೋ ನೋಡ್ತಾ ಕೂತಿದೀನಿ. ಅಣ್ಣ ಆದ್ರೂ ಒಂದು ಡೌಟು, ಡ್ರೈವನ್ನೇ ಸರಿ ಮಾಡ್ಬೇಕು ಅಂದ್ರೆ ಏನ್ ಮಾಡ್ಬೇಕು? ಅಲ್ಲಿ ಫೋಟೋ ಎಲ್ಲಾ ತುಂಬಾ ಇದೆ, ಎಲ್ಲಾ ಎಸ್‌ಎಸ್‌ಡೀಲಿ ಹಿಡಿಸಲ್ಲ.

ಆಲೂರ್_ಹುಡ್ಗ | 11:04
ಐಕ್ಯಾಕ್ಲ್ಸ್ ಸ್ಲಾಶ್ ರಿಸೆಟ್ ಹೊಡೀರಿ ಅಣ್ಣ, ಎಲ್ಲಾ ಪರ್ಮಿಷನ್ ಹೊಸದಾಗಿ ಬರುತ್ತೆ

ಬಿಎಂರೋಡ್_ರಿಪೇರಿ | 11:20
ಇಲ್ಲಿ ರಿಸೆಟ್ ಬೇಡ ತಮ್ಮ. ರಿಸೆಟ್ ಅಂದ್ರೆ ಮೇಲಿನ ಫೋಲ್ಡರಲ್ಲಿ ಏನಿದ್ಯೋ ಅದು ಕೆಳಗಡೆಗೆ ಇಳಿಯುತ್ತೆ. ಇವ್ರದು ಹಳೇ ಸಿ ಡ್ರೈವಿನ ಯೂಸರ್ಸ್ ಫೋಲ್ಡರ್, ಅಲ್ಲಿ ಸಾಮಾನ್ಯ ಯೂಸರಿಗೆ ಇರೋದೇ ರೀಡ್. ಇಳಿದ್ರೂ ರೀಡೇ ಇಳಿಯುತ್ತೆ.

ಆ ಒಂದು ಫೋಲ್ಡರಿಗೆ ಮಾತ್ರ ನಿಮ್ ಹೆಸರಿಗೆ ಫುಲ್ ಕಂಟ್ರೋಲ್ ಕೊಡಿ. ಸೆಕ್ಯುರಿಟಿ ಟ್ಯಾಬಲ್ಲಿ ಎಡಿಟ್, ನಿಮ್ ಹೆಸರು, ಫುಲ್ ಕಂಟ್ರೋಲ್ ಟಿಕ್, ಓಕೆ. ಆಗ ಬಿಡಲ್ಲ ಅಂದ್ರೆ ಅಡ್ವಾನ್ಸ್ಡ್ ಒತ್ತಿ ಮೇಲ್ಗಡೆ ಓನರ್ ಪಕ್ಕ ಚೇಂಜ್ ಇರುತ್ತೆ, ಅಲ್ಲಿ ನಿಮ್ ಹೆಸರು ಹಾಕಿ ಕೆಳಗಿನ ಫೋಲ್ಡರ್‌ಗಳಿಗೂ ಅನ್ನೋ ಟಿಕ್ ಕೊಟ್ಟು ಮತ್ತೆ ಟ್ರೈ ಮಾಡಿ. ಓನರ್ ಆದೋನು ಪಟ್ಟೀಲಿ ಇಲ್ದಿದ್ರೂ ಪರ್ಮಿಷನ್ ಬದಲಾಯಿಸ್ಬಹುದು, ಅಷ್ಟು ಅಧಿಕಾರ ಓನರಿಗೆ ಯಾವಾಗ್ಲೂ ಇರುತ್ತೆ. ಆದ್ರೆ ಮೊದ್ಲು ಕಾಪಿ, ಆಮೇಲೆ ಇದು. ಉಲ್ಟಾ ಮಾಡ್ಬೇಡಿ.

ಒಳಗಡೆ ಮೈ ಮ್ಯೂಸಿಕ್, ಮೈ ಪಿಕ್ಚರ್ಸ್ ಅಂತ ಬಾಣದ ಗುರುತಿರೋ ಫೋಲ್ಡರ್ ಕಂಡು ಆಕ್ಸೆಸ್ ಡಿನೈಡ್ ಅಂದ್ರೆ ಅದನ್ನ ಮುಟ್ಬೇಡಿ, ಅವು ನಿಜವಾದ ಫೋಲ್ಡರೇ ಅಲ್ಲ, ಹಳೇ ಪ್ರೋಗ್ರಾಮ್‌ಗಳಿಗೆ ದಾರಿ ತೋರ್ಸೋ ಕೈಕಂಬ ಇದ್ದಂಗೆ. ಬೇಕು ಅಂತಲೇ ಮುಚ್ಚಿರ್ತಾರೆ.

ಗಣಿತ_ಮೇಡಂ_ಚಿಕ್ಕಮಗಳೂರು | 11:24
ಮಳೆಲೆಕ್ಕ ಅವ್ರೆ, ಫೈಲ್ ಐಕಾನ್ ಮೇಲೆ ಸಣ್ಣ ಬೀಗದ ಗುರುತೇನಾದ್ರೂ ಇದ್ಯಾ ನೋಡಿ. ಇದ್ರೆ ಅದು ಎನ್‌ಕ್ರಿಪ್ಟ್ ಆಗಿರೋದು, ಅಂದ್ರೆ ಗುಪ್ತಲಿಪಿ ಮಾಡಿಟ್ಟಿರೋದು, ಓನರ್ ಬದಲಾಯಿಸಿದ್ರೂ ತೆರೆಯಲ್ಲ, ಹಳೇ ಅಕೌಂಟಿನ ಸರ್ಟಿಫಿಕೇಟ್ ಅನ್ನೋ ಡಿಜಿಟಲ್ ಕೀಲಿಯೇ ಬೇಕಾಗುತ್ತೆ. ಇನ್ನೊಂದು, ಡಿಸ್ಕ್ ಎಷ್ಟು ಹಳೇದು? ಡಿಸ್ಕಿನ ಆರೋಗ್ಯ ತೋರ್ಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪ್ರೋಗ್ರಾಮ್ ಹಾಕಿ ನೋಡಿ, ನೀಲಿ ಇದ್ರೆ ಸರಿ, ಹಳದಿ ಇದ್ರೆ ಎಚ್ಚರ. ಪರ್ಮಿಷನ್ ಬದಲಾಯಿಸೋದು ಅಂದ್ರೆ ಲಕ್ಷಗಟ್ಲೆ ಫೈಲ್‌ಗೆ ಒಂದೊಂದಾಗಿ ಬರೆಯೋ ಕೆಲಸ, ಸಾಯೋ ಡಿಸ್ಕ್ ಮೇಲೆ ಅದನ್ನ ಮಾಡಬಾರದು.

ಮಳೆಲೆಕ್ಕ_ಮೂಡಿಗೆರೆ | 11:26
ಬೀಗ ಇಲ್ಲ ಮೇಡಂ. ಈಗ ಕಾಪಿ ಹಾಕ್ತೀ

ಮಳೆಲೆಕ್ಕ_ಮೂಡಿಗೆರೆ | ಮಂಗಳವಾರ ಬೆಳಿಗ್ಗೆ 7:50
ರಾತ್ರಿ ಕರೆಂಟ್ ಹೋಯ್ತು. ಅದಕ್ಕೇ ಅರ್ಧಕ್ಕೆ ನಿಂತಿತ್ತು ಮೆಸೇಜು.

ಬೇಲೂರ್_ಬಾಲಿಕೆ | 8:05
ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತಾರಲ್ಲ, ನಮ್ಮಲ್ಲೂ ರಾತ್ರಿ ಪೂರ್ತಿ ಇರ್ಲಿಲ್ಲ. ಅಂದಹಾಗೆ ಇಂಚಲ್ಲಿ ಯಾಕೆ ಬರೀತೀರ ನೀವು ತೋಟದವ್ರು? ಎಲ್ಲಾ ಕಡೆ ಮಿಲಿಮೀಟರ್ ಇದೆ.

ಸಕ್ಲೇಶ್ಪುರ_ರೋಬಸ್ಟಾ | 8:12
ಬ್ರಿಟಿಷರ ಕಾಲದಿಂದ ಬಂದಿದ್ದು. ಇಂಚು, ಸೆಂಟು. ನೂರು ಸೆಂಟಿಗೆ ಒಂದಿಂಚು, ಒಂದಿಂಚಿಗೆ 25.4 ಮಿಲಿಮೀಟರ್. ಕಾಫಿ ಹೂ ಅರಳಿಸೋ ಹೂಮಳೆ ಒಂದಿಂಚಾದ್ರೆ ತೋಟದವನ ಮುಖ ನೋಡ್ಬೇಕು, 25 ಮಿಲಿಮೀಟರ್ ಆಯ್ತು ಅಂದ್ರೆ ಯಾರಿಗೂ ಆ ಖುಷಿ ಆಗಲ್ಲ. ಪಕ್ಕದ ಎಸ್ಟೇಟಿಗೆ 40 ಸೆಂಟು ಬಂದು ನಮಗೆ ಬರೀ 15 ಬಂತು ಅಂದ್ರೆ ಎರಡು ದಿನ ಊಟ ಸೇರಲ್ಲ.

ಅರಸೀಕೆರೆ_ತೆಂಗು | 8:15
ನಮ್ ಕಡೆ ಮಳೆ ಬಂತಾ ಇಲ್ವಾ ಅನ್ನೋದೇ ಲೆಕ್ಕ. ಸೆಂಟಂತೆ.

ಮಳೆಲೆಕ್ಕ_ಮೂಡಿಗೆರೆ | 11:40
ಕಾಪಿ ಆಯ್ತು!! ಎಕ್ಸೆಲ್ ಸೇವ್ ಆಯ್ತು!! ಬಿಎಂರೋಡ್ ಅಣ್ಣಂಗೆ ದೊಡ್ಡ ನಮಸ್ಕಾರ. ಮೇಡಂ ನೀವು ಹೇಳಿದ್ದೂ ನೋಡಿದೆ, ಡಿಸ್ಕ್ ಹಳದಿ ತೋರಿಸ್ತಿದೆ, ಸಿ5 ಅನ್ನೋ ಸಾಲಲ್ಲಿ 8 ಅಂತ ಇದೆ.

ಆದ್ರೆ ಇನ್ನೊಂದು ಹೊಸ ಗ್ರಹಚಾರ. ಆಳುಗಳ ಮಸ್ಟರ್ ಬರೆಯೋಕೆ ಒಂದು ಹಳೇ ಪ್ರೋಗ್ರಾಮ್ ಇದೆ, ತುಂಬಾ ವರ್ಷದ ಹಿಂದೆ ಒಬ್ಬ ಹುಡುಗ ಮಾಡ್ಕೊಟ್ಟಿದ್ದು, ಹೊಸ ಕಂಪ್ಯೂಟರ್ ಬಂದ ದಿನವೇ ಅದನ್ನೂ ಹಾಕಿಸ್ಕೊಂಡಿದ್ದೆ. ಡೇಟಾನ ಡಾಕ್ಯುಮೆಂಟ್ಸ್ ಒಳಗೇ ಇಡುತ್ತೆ. ಅದು ಈಗ ಸೇವ್ ಕೊಟ್ರೆ ಫೈಲ್ ಸಿಗ್ತಿಲ್ಲ ಅನ್ನುತ್ತೆ. ಫೈಲ್ ಅಲ್ಲೇ ಇದೆ, ಕಣ್ಣೆದುರಿಗೇ ಇದೆ! ಪರ್ಮಿಷನ್ ನೋಡಿದೆ, ನನ್ ಹೆಸರಿಗೆ ಫುಲ್ ಕಂಟ್ರೋಲ್ ಇದೆ. ಈಗ ಯಾವ ಅಪ್ಪ?

ಗಣಿತ_ಮೇಡಂ_ಚಿಕ್ಕಮಗಳೂರು | 12:10
ಸಿ5 ಅಂದ್ರೆ ಓದೋಕೆ ತಿಣುಕಾಡ್ತಿರೋ ಸೆಕ್ಟರ್‌ಗಳು, ಅಂದ್ರೆ ಡಿಸ್ಕಿನ ಪುಟ್ಟ ಪುಟ್ಟ ಭಾಗಗಳು. ಇವತ್ತೇ ಉಳಿದ ಫೋಟೋಗಳನ್ನೂ ಬೇರೆ ಹೊಸ ಡಿಸ್ಕಿಗೆ ಎತ್ತಿ, ಆ ಡ್ರೈವ್ ಮೇಲೆ ಪರ್ಮಿಷನ್ ರಿಪೇರಿ ಮಾಡೋ ಆಸೆ ಬಿಡಿ.

ಮಸ್ಟರ್ ವಿಷಯಕ್ಕೆ ಒಂದು ಪರೀಕ್ಷೆ. ನೋಟ್‌ಪ್ಯಾಡ್ ತೆಗೆದು ಎರಡು ಅಕ್ಷರ ಬರೆದು ಅದೇ ಫೋಲ್ಡರಲ್ಲಿ ಸೇವ್ ಮಾಡಿ. ಆಗುತ್ತಾ?

ಮಳೆಲೆಕ್ಕ_ಮೂಡಿಗೆರೆ | 12:14
ಆಗುತ್ತೆ.

ಗಣಿತ_ಮೇಡಂ_ಚಿಕ್ಕಮಗಳೂರು | 12:26
ಹಾಗಾದ್ರೆ ಪರ್ಮಿಷನ್ ಅಲ್ಲ. ಪರ್ಮಿಷನ್ ನಿಮ್ ಅಕೌಂಟಿಗೆ ಇರೋದು, ಪ್ರೋಗ್ರಾಮಿಗಲ್ಲ. ಒಂದಕ್ಕೆ ಬಿಟ್ಟು ಇನ್ನೊಂದಕ್ಕೆ ಬಿಡಲ್ಲ ಅಂದ್ರೆ ಮಧ್ಯೆ ಯಾರೋ ಕಾವಲು ಕೂತಿದಾರೆ ಅಂತ. ವಿಂಡೋಸ್ ಸೆಕ್ಯುರಿಟಿ ತೆಗೀರಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಕೆಳಗಡೆ ರಾನ್ಸಮ್‌ವೇರ್ ಪ್ರೊಟೆಕ್ಷನ್. ಅಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಇದ್ಯಾ? 2017ರಲ್ಲಿ ವಿಂಡೋಸ್ 10ಗೆ ಬಂದಿದ್ದು ಇದು, ತಾನಾಗಿ ಆನ್ ಇರಲ್ಲ, ಯಾರೋ ಮಾಡಿರ್ತಾರೆ. ಆನ್ ಇದ್ರೆ ಗುರುತಿಲ್ಲದ ಪ್ರೋಗ್ರಾಮ್ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಒಳಗೆ ಬರೆಯೋಕೆ ಬಿಡಲ್ಲ. ನೋಟ್‌ಪ್ಯಾಡ್, ಎಕ್ಸೆಲ್ ಎಲ್ಲಾ ಗುರುತಿರೋರು, ನಿಮ್ ಮಸ್ಟರ್ ಹುಡುಗನ ಪ್ರೋಗ್ರಾಮ್ ಗುರುತಿಲ್ಲದ್ದು. ತಡೆದಾಗ ಎರರ್ ಮೆಸೇಜ್ ಏನೇನೋ ಬರುತ್ತೆ, ಫೈಲ್ ಇಲ್ಲ ಅಂತಲೂ ಬರುತ್ತೆ. ಸ್ಕೂಲ್ ಲ್ಯಾಬಲ್ಲಿ ಇದಕ್ಕೆ ಒಂದು ವಾರ ಒದ್ದಾಡಿದೀನಿ, ಮಾರ್ಕ್ಸ್ ಕಾರ್ಡ್ ಪ್ರೋಗ್ರಾಮ್ ಸೇವ್ ಆಗ್ತಿರ್ಲಿಲ್ಲ.

ಮಳೆಲೆಕ್ಕ_ಮೂಡಿಗೆರೆ | 12:33
ಆನ್ ಇದೆ!! ಅಕ್ಕನ ಮಗ ಬಂದಿದ್ದ ಕಳೆದ ಭಾನುವಾರ, "ಮಾಮ ಸೆಕ್ಯುರಿಟಿ ಎಲ್ಲಾ ಟೈಟ್ ಮಾಡಿದೀನಿ" ಅಂದಿದ್ದ. ಆಫ್ ಮಾಡ್ಲಾ?

ಸಕ್ಲೇಶ್ಪುರ_ರೋಬಸ್ಟಾ | 12:34
ಆಫ್ ಮಾಡಿ ಅಣ್ಣ, ತಲೆನೋವು

ಗಣಿತ_ಮೇಡಂ_ಚಿಕ್ಕಮಗಳೂರು | 12:36
ಬೇಡ ಬೇಡ. ಹುಡುಗ ಒಳ್ಳೇದೇ ಮಾಡಿದಾನೆ. ಅದೇ ಪುಟದಲ್ಲಿ ಒಂದು ಆ್ಯಪ್‌ಗೆ ಅನುಮತಿ ಕೊಡಿ ಅನ್ನೋ ಥರ ಲಿಂಕ್ ಇದೆ, ಒತ್ತಿ, ಪ್ಲಸ್ ಒತ್ತಿ, ಇತ್ತೀಚೆಗೆ ತಡೆದ ಆ್ಯಪ್‌ಗಳು ಅಂತ ಬರುತ್ತೆ, ಅಲ್ಲೇ ನಿಮ್ ಮಸ್ಟರ್ ಪ್ರೋಗ್ರಾಮ್ ಹೆಸರು ಇರುತ್ತೆ. ಅದೊಂದನ್ನ ಸೇರಿಸಿ.

ಮಳೆಲೆಕ್ಕ_ಮೂಡಿಗೆರೆ | 12:51
ಇತ್ತು ಮೇಡಂ, ಮೊದಲನೇ ಸಾಲಲ್ಲೇ ಇತ್ತು. ಸೇರಿಸಿದೆ, ಪ್ರೋಗ್ರಾಮ್ ಕ್ಲೋಸ್ ಮಾಡಿ ಮತ್ತೆ ತೆಗೆದೆ, ಸೇವ್ ಆಯ್ತು. ಈ ವಾರದ ಬಟವಾಡೆ ಲೆಕ್ಕ ಪೂರ್ತಿ ಕೂತ್ಕೊಂಡು ಹಾಕ್ತೀನಿ ಈಗ.

ಒಂದು ಸಣ್ಣ ಪ್ರಶ್ನೆ ಉಳೀತು. ಹಳೇ ಫೋಲ್ಡರಲ್ಲಿ ಮಳೆ ಫೈಲ್ ಪಕ್ಕ ಎಂಟೆಂಟು ಅಕ್ಷರದ ಹೆಸರಿನ ಫೈಲ್‌ಗಳು ಏಳೆಂಟಿವೆ, ಕೊನೇಲಿ ಡಾಟ್ ಎಕ್ಸ್ ಎಲ್ ಎಸ್ ಎಂಬುದೂ ಇಲ್ಲ, ಬರೀ ಅಕ್ಷರ, ಅಂಕಿ. ಕಾಪಿ ಜೊತೆ ಅವೂ ಬಂದಿವೆ. ಏನು ಅವು?

ಬಿಎಂರೋಡ್_ರಿಪೇರಿ | 1:20
ಎಕ್ಸೆಲ್ ಮಾಡಿದ ಗಲೀಜು ಅದು. ಎಕ್ಸೆಲ್ ಸೇವ್ ಮಾಡುವಾಗ ನಿಮ್ ಫೈಲೊಳಗೆ ನೇರ ಬರೆಯಲ್ಲ, ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಒಂದಕ್ಕೆ ಬರೆದು, ಸರಿಯಾಗಿ ಬರೆದಾಯ್ತು ಅಂದ್ಮೇಲೆ ಹಳೇದು ಅಳಿಸಿ ಹೊಸದಕ್ಕೆ ಆ ಹೆಸರು ಇಡುತ್ತೆ. ಅದಕ್ಕೇ ಫೈಲ್‌ಗೆ ಮಾತ್ರ ಪರ್ಮಿಷನ್ ಕೊಟ್ರೆ ಸಾಲದು, ಫೋಲ್ಡರಲ್ಲಿ ಹೊಸ ಫೈಲ್ ಮಾಡೋಕೆ, ಅಳಿಸೋಕೆ ಎರಡಕ್ಕೂ ಬೇಕು. ಸೇವ್ ಮಧ್ಯೆ ಕರೆಂಟ್ ಹೋದ್ರೆ ಆ ತಾತ್ಕಾಲಿಕ ಫೈಲ್ ಅನಾಥ ಆಗಿ ಅಲ್ಲೇ ಉಳ್ಕೊಳ್ಳುತ್ತೆ. ಅಂದ್ರೆ ಏಳೆಂಟು ಸಲ ಸೇವ್ ಮಾಡುವಾಗಲೇ ಕರೆಂಟ್ ಹೋಗಿದೆ ನಿಮ್ಮನೇಲಿ. ಮಳೆ ಫೈಲ್ ಸರಿಯಾಗಿ ತೆರೀತಿದೆ ಅಂದ್ರೆ ಅವನ್ನ ಅಳಿಸಿ. ಮತ್ತೆ ದಯವಿಟ್ಟು ಒಂದು ಯುಪಿಎಸ್ ತಗೊಳ್ಳಿ.

ಪೆಂಗ್ವಿನ್_ಕಳಸ | 1:24
ಕಳಸದಲ್ಲಿ ಆಗಿದ್ರೆ ಏಳೆಂಟಲ್ಲ ಎಂಬತ್ತು ಇರ್ತಿದ್ವು 😄

ಮಳೆಲೆಕ್ಕ_ಮೂಡಿಗೆರೆ | ಬುಧವಾರ ಬೆಳಿಗ್ಗೆ 8:45
ಕ್ಯಾಲೆಂಡರ್ ಹಿಂದಿದ್ದ ಎಲ್ಲಾ ದಿನದ್ದೂ ಹಾಕಿದೆ, ಇವತ್ತಿಂದು 3 ಇಂಚು 42 ಸೆಂಟು, ಸೇವ್ ಆಯ್ತು. ಅಪ್ಪ ಕನ್ನಡಕ ಹಾಕ್ಕೊಂಡು ಸ್ಕ್ರೀನ್ ಹತ್ರ ಬಂದು ನೋಡಿ, ಮೊನ್ನೆ ಎರಡು ಹದಿನೆಂಟು ಅಂದಿದ್ದೆ, ನೀನು ಎರಡು ಹತ್ತೊಂಬತ್ತು ಹಾಕಿದೀಯ ಅಂದ್ರು. ತಿದ್ದಿ ಮತ್ತೆ ಸೇವ್ ಮಾಡಿದೆ.

ಅರಸೀಕೆರೆ_ತೆಂಗು | 9:02
ನಮ್ಮಲ್ಲಿ ಹನಿ ಇಲ್ಲ. ಒಂದು 42 ಸೆಂಟು ಈ ಕಡೆ ಕಾಪಿ ಮಾಡಿ, ಕಟ್ ಮಾಡಿದ್ರೂ ಬೇಜಾರಿಲ್ಲ.